ಪೆನ್ರಿತ್ ದೊರೆಯ ಸ್ಕೋರು ಪುಸ್ತಕ

ಅಮ್ಮತ್ತಿಯ ನಮ್ಮ ಕಣದಲ್ಲಿ ಕಾಫಿ ಹರಡುವ ಮುನ್ನ
ನೆಲ ಗಟ್ಟಿಸಲು ಎಳೆಯುವ ಈ ಕಲ್ಲುರುಳೆ
ಇಂಗ್ಲೆಂಡಿನ ಕ್ರಿಕೆಟ್ ಕ್ಯಾಪ್ಟನ್ನನದು
ಎಂದರೆ ಯಾರೂ ನಂಬುವುದಿಲ್ಲ.
ನಾನೂ ಒತ್ತಾಯಿಸುವುದಿಲ್ಲ. ಉರುಳೆ ಉರುಳಿದರೆ ಸಾಕು.

ಐದು ಪಂದ್ಯಕ್ಕೆ ನಾಯಕನಂತೆ, ಲಯೊನೆಲ್ ಪೆನ್ರಿತ್.
ನಾಲ್ಕರಲ್ಲಿ ಟಾಸು ಸೋತ.
ಐದನೆಯದರಲ್ಲಿ ಗೆದ್ದ, ಅದೇ ಕೆಟ್ಟದ್ದಾಯಿತು:
ಕೊನೆಯ ದಿನ, ಕೊನೆಯ ಜೋಡಿ,
ಎದುರಾಳಿಗೆ ಇನ್ನು ಮೂರೇ ರನ್ನು,
ನೇರ ಎದೆಗೆ ಬಂದ ಚೆಂಡು
ಇವನ ಅಂಗೈ ತಾಗಿ ಹುಲ್ಲಿಗೆ.
ಪತ್ರಿಕೆಯವರು ಆ ಕೈಗಳ ಚಿತ್ರ ಬರೆದರಂತೆ,
ಎರಡು ಬೆಣ್ಣೆ ಮುದ್ದೆ.
ಆಮೇಲೆ ಯುದ್ಧ. ಬಲಗೈ ಅಲ್ಲಿ
ಎರಡು ಬೆರಳು ಬಿಟ್ಟು ಬಂತು.
ಆಮೇಲೆ ಹಡಗು, ಮೈಸೂರು, ಎತ್ತಿನ ಗಾಡಿ,
ಮುನ್ನೂರು ಎಕರೆ ಕಾಫಿ, ಕಾಂಡಕೊರಕ.

ಗುಡ್ಡ ಕಡಿಸಿ ಸಮ ಮಾಡಿಸಿದ.
ಗದ್ದೆಯ ಜೇಡಿಗೆ ಹುತ್ತದ ಮಣ್ಣು ಬೆರೆಸಿದ.
ಆ ಇಪ್ಪತ್ತೆರಡು ಗಜಕ್ಕೆ ಮಾಡಿದ ಆರೈಕೆ
ಬಾಣಂತಿಗೂ ಸಿಗುವುದಿಲ್ಲ
ಅನ್ನುತ್ತಿದ್ದಳಂತೆ ನಮ್ಮ ಮುತ್ತಜ್ಜಿ.

ಅಜ್ಜ ಕುಟ್ಟಯ್ಯ ಸ್ಕೋರು ಬರೆಯುವವ.
ಇಂಗ್ಲಿಷು ಅಷ್ಟಕ್ಕಷ್ಟೆ, ಅಂಕಿ ಮಾತ್ರ ಮುತ್ತು.
ಗೆದ್ದಲು ತಿಂದು ಉಳಿದ ಪುಸ್ತಕ ನನ್ನಲ್ಲಿದೆ:
೧೯೨೬, ಹೂಮಳೆಗೆ ಮುಂಚಿನ ಒಂದು ಭಾನುವಾರ,
ದೊರೆಯ ಕಡೆ ಹನ್ನೊಂದು, ಪಾಲಿಬೆಟ್ಟದ ಕಡೆ ಹನ್ನೊಂದು.

ಹನ್ನೆರಡು ರನ್ನಾಗಿತ್ತು. ದೊರೆ ಎತ್ತಿ ಹೊಡೆದ.
ಚೆಂಡು ಸಿಲ್ವರ್ ಓಕಿನ ನೆತ್ತಿಗಿಂತ ಮೇಲೇರಿ ಇಳಿಯಿತು.
ಅಲ್ಲಿ ಫೀಲ್ಡರ್ ಯಾರೂ ಇಲ್ಲ.
ಇದ್ದವನು ಬೊಳ್ಕ, ಎರವರ ಹುಡುಗ,
ಗಿಡದೊಳಗೆ ಹೋದ ಚೆಂಡು ಹುಡುಕಲು ದಿನಕ್ಕೆ ಒಂದಾಣೆ.
ಯಾಕೆ ಓಡಿದನೋ!
ಸುಣ್ಣದ ಗೆರೆ ದಾಟಿ ನಾಲ್ಕು ಹೆಜ್ಜೆ ಒಳಗೆ,
ಕಾಫಿಹಣ್ಣಿನ ಅಂಟಿಗೆ ಕಪ್ಪಾದ ಕೈ
ಬೊಗಸೆ ಮಾಡಿ, ತೋಡಿನ ನೀರು ಕುಡಿಯುವವನ ಹಾಗೆ.
ಚೆಂಡು ಅಲುಗಲಿಲ್ಲ.

ಎಲ್ಲರೂ ನಕ್ಕರು. ಅಂಪೈರು ತಲೆಯಾಡಿಸಿದ:
ಆಡುವವನಲ್ಲ, ಹಿಡಿದದ್ದು ಹಿಡಿದದ್ದಲ್ಲ.
ಕಾನೂನು ಸರಿಯಾಗಿಯೇ ಇತ್ತು.
ದೊರೆ ಆ ಕಡೆಯೇ ಬಹಳ ಹೊತ್ತು ನೋಡಿ
ಗಾರ್ಡು ತೆಗೆದುಕೊಂಡು
ಇನ್ನೂ ನಲವತ್ತೊಂದು ಹೊಡೆದ.

ರಾತ್ರಿ ಲಾಂದ್ರ ಹಿಡಿದು ನಮ್ಮ ಮನೆಗೆ ಬಂದ.
ಬೇಟೆನಾಯಿಗಳು ಬೊಗಳಿ ಬೊಗಳಿ ಸುಸ್ತಾದವು.
ಪುಸ್ತಕ ಕೇಳಿದ. ನಲವತ್ತೊಂದರ ಮೇಲೆ ಗೀಟು.
ಉಳಿದ ಬೆರಳುಗಳಲ್ಲಿ ಲೇಖನಿ ಸಿಕ್ಕಿಸಿ ಬರೆದ:
ಪೆನ್ರಿತ್. ಹಿಡಿದವನು ಬೊಳ್ಕ. ಹನ್ನೆರಡು.
'ಮೊತ್ತ ಏನು ಮಾಡಲಿ, ದೊರೆ?'
ಅಜ್ಜ ಕೇಳಿದನಂತೆ.
ದೊರೆ ಲಾಂದ್ರದ ಬತ್ತಿ ಸಣ್ಣ ಮಾಡಿದ, ಹೊರಟ.

ಬೊಳ್ಕನಿಗೆ ಯಾರೂ ಹೇಳಲಿಲ್ಲ.
ಒಂದಾಣೆ ಒಂದಾಣೆಯೇ.
ಮರುವರ್ಷ ಅವನೂ ಅವನಪ್ಪನೂ ಕುಟ್ಟದ ಕಡೆ ಹೋದರು
ಬೇರೆ ತೋಟದ ಲೆಕ್ಕಕ್ಕೆ.
ದೊರೆ ಮಡಿಕೇರಿಯಲ್ಲಿ ಮಣ್ಣಾಗಿದ್ದಾನೆ,
ಗೋರಿಯ ಮೇಲೆ ಇಸವಿ ಉಂಟು, ಕ್ರಿಕೆಟ್ಟಿನ ಸುದ್ದಿಯಿಲ್ಲ.
ಆ ಮೈದಾನದಲ್ಲೀಗ ನಮ್ಮ ಮಕ್ಕಳ ಹಾಕಿ.

ನಾನೂ ಎಷ್ಟೋ ಸಲ ಕೂಡಿಸಿ ನೋಡಿದ್ದೇನೆ.
ಪಾಲಿಬೆಟ್ಟದ ಕಡೆ ಹನ್ನೆರಡು ಜನ ಆಗುತ್ತಾರೆ.
ನಮ್ಮ ಕಡೆ ಗೆದ್ದಿತೋ ಸೋತಿತೋ ತಿಳಿಯುವುದಿಲ್ಲ,
ಮೊತ್ತದ ಮನೆಯನ್ನು ಅಜ್ಜ
ಖಾಲಿ ಬಿಟ್ಟಿದ್ದಾನೆ.

ಬಿಸಿಲೇರಿತು. ಉರುಳೆಗೆ ಹಗ್ಗ ಕಟ್ಟಬೇಕು.