ಮುದ್ದಾಜಿ ದುಡ್ಡು

ಮೂರನೇ ಗಂಡಿನವರೂ ಉಪ್ಪಿಟ್ಟು ತಿಂದು
ಸುಮ್ಮನೆ ಎದ್ದು ಹೋದ ಸಂಜೆ
ಅಜ್ಜಿ ಜಗಲಿಯಿಂದಲೇ ಅಂದಳು:
‘ಯಾವ್ ಅಂಗ್ಡೀಲೂ ನಡೀದ ಮುದ್ದಾಜಿ ದುಡ್ಡು ಕಣವ್ವ ನೀನು.’

ನಾಗಮಂಗಲದಲ್ಲಿ ಎಲ್ಲರ ಬಾಯಲ್ಲೂ ಸವೆದ ಮಾತು ಅದು.
ಸುಳ್ಳುಸಾಕ್ಷಿ ಹೇಳಿದವನು ಮುದ್ದಾಜಿ ದುಡ್ಡು,
ನೀರು ಬೆರೆಸಿದ ಹಾಲು,
ಹಲ್ಲು ರಾವಿಸಿ ಮಾರಿದ ಮುದಿಯೆತ್ತು.
ಮುದ್ದಾಜಿ ಯಾರೆಂದು ಯಾರೂ ಕೇಳಿದವರಿಲ್ಲ.
ದುಡ್ಡಿನ ಮೇಲಿನ ಹೆಂಗಸು ಯಾರಾದರೇನು, ನಡೆದರೆ ಸಾಕು.

ಹನ್ನೊಂದು ವರ್ಷದ ಮೇಲೆ, ಮೈಸೂರಿನ ದಫ್ತರುಕೋಣೆಯಲ್ಲಿ
ಗೆದ್ದಲು ತಿಂದುಳಿದದ್ದನ್ನು ಪಟ್ಟಿಮಾಡುವ ನನ್ನ ಕೈಗೆ
ಸಿಕ್ಕಳು. ಕೆಂಪು ದಾರದ ಕಟ್ಟು, ಮೋಡಿ ಅಕ್ಷರ,
ಬಿಡಿಸಿ ಓದಲು ಮೂರು ದಿನ:
‘ಕಂಚುಗಾರರ ಬೀದಿ ಮರಿವೀರಾಚಾರಿಯ ವಿಧವೆ ಮುದ್ದಾಜಮ್ಮ.
ವಯಸ್ಸು ಮೂವತ್ತೊಂದು ಇರಬಹುದು.
ಎರಡೂ ಅಂಗೈಯಲ್ಲಿ ಹಳೆಯ ಸುಟ್ಟ ಕಲೆ.
ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಕೇಳದ್ದಕ್ಕೂ.’

ಗಂಡ ಇದ್ದಾಗ ಮೇಣ ನಾದಿದಳು,
ಹುತ್ತದ ಮಣ್ಣು ಜರಡಿ ಹಿಡಿದಳು, ತಿದಿ ಒತ್ತಿದಳು.
ಉತ್ಸವಮೂರ್ತಿಯ ಬೆರಳುಗಳು ಇವಳವು, ಹೆಸರು ಅವನದು.
ಅವನು ಹೋದ ಮೇಲೆ ಕುಲದವರು ಸೇರಿ
ಹೆಂಗಸು ದೇವರನ್ನು ಎರೆಯುವಂತಿಲ್ಲ ಅಂದರು.
ದೇವರನ್ನು ತಾನೆ, ಅಂದುಕೊಂಡಳೇನೋ.
ರಾಣಿಯನ್ನು ಎರೆದಳು.

ತಾಮ್ರ, ತವರ, ಮೇಲೆ ಹಾಲಿನ ಕೆನೆಯಷ್ಟು ಬೆಳ್ಳಿ.
ಸೀಮೆಯ ರಾಣಿ, ಕಿರೀಟ, ಗಲ್ಲದ ಕೆಳಗಿನ ಮಡಿಕೆ ಸಮೇತ.
ಒಂದರಲ್ಲಿ ಮಾತ್ರ ಎರಕದೊಳಗೆ ಗಾಳಿ ಸಿಕ್ಕಿ
ಮೂಗಿನ ಮೇಲೆ ಗುಳ್ಳೆ ಎದ್ದಿತ್ತು.
‘ದಾಖಲೆ ಏಳು: ಮೂಗುಬೊಟ್ಟು ಇಟ್ಟ ರಾಣಿ’
ಎಂದು ಬರೆವಾಗ ಗುಮಾಸ್ತ ನಕ್ಕಿರಬೇಕು,
ಅಲ್ಲಿ ಶಾಯಿ ಅಲುಗಿದೆ.

ಮೂರು ವರ್ಷ ನಡೆದವು.
ಬೆಳ್ಳೂರಿನಲ್ಲಿ ಎಮ್ಮೆ ಕೊಂಡವು,
ದೇವಲಾಪುರದಲ್ಲಿ ಸರ್ಕಾರಕ್ಕೇ ಕಂದಾಯ ಕಟ್ಟಿದವು,
ಒಬ್ಬಳನ್ನು ಜೀತದಿಂದ ಬಿಡಿಸಿದವು.
ಇದು ಅವಳು ಕೇಳದೆ ಹೇಳಿದ್ದು;
ನ್ಯಾಯಾಧೀಶರು ಹೊಡೆದುಹಾಕಿಸಿದ್ದಾರೆ.
ಗೀಟಿನ ಅಡಿಯಲ್ಲಿ ಓದಬಹುದು.

ಸಿಕ್ಕಿಬಿದ್ದದ್ದು ಹೀಗೆ:
ಎಣ್ಣೆ ಅಂಗಡಿಯವನು ಒಂದನ್ನು ಕಲ್ಲಿಗೆ ಕುಟ್ಟಿ ನೋಡಿದ.
ಸರ್ಕಾರದ ರೂಪಾಯಿ ಠಣ್ ಎಂದು ಸುಮ್ಮನಾಗುತ್ತದೆ.
ಇದು ಸುಮ್ಮನಾಗಲಿಲ್ಲ.
ಬೀದಿಯ ನಾಯಿಗಳು ಎದ್ದು ಕುಳಿತವು,
ಎದುರುಮನೆಯ ಮುದುಕ ಮಂಗಳಾರತಿಯೆಂದು ಕೈಮುಗಿದ.
ಗಂಟೆ ಎರೆಯುವವರ ಮಗಳು,
ತವರದ ಹದ ತವರಿನಿಂದಲೇ ತಂದವಳು,
ಕೆಟ್ಟದಾಗಿ ಮಾಡುವುದು ಬರುತ್ತಿರಲಿಲ್ಲ ಅವಳಿಗೆ.

ಏಳು ವರ್ಷ ಶಿಕ್ಷೆ.
ಆಮೇಲಿನ ಹಾಳೆ ಇಲ್ಲ.
ಬಟ್ಟೆಯ ಚೀಲದಲ್ಲಿ ದಾಖಲೆ ಒಂದರಿಂದ ಆರು ಇವೆ,
ಏಳು ಕಾಣೆಯಾಗಿದೆ
ಎಂದು ಪಟ್ಟಿಯಲ್ಲಿ ನಾನೇ ಬರೆದೆ, ದುಂಡಗೆ, ಸಹಿಯೊಂದಿಗೆ.

ಕೆ.ಜಿ. ಕೊಪ್ಪಲಿನ ಬಾಡಿಗೆ ಕೋಣೆಯಲ್ಲಿ
ರಾತ್ರಿ ದೀಪ ಆರಿಸುವ ಮುಂಚೆ
ನೆಲಕ್ಕೆ ಒಂದೇ ಸಲ ಕುಟ್ಟುತ್ತೇನೆ.
ಮೊನ್ನೆ ಕೆಳಗಿನ ಮನೆಯಾಕೆ ಕೇಳಿದರು,
‘ದಿನಾ ಇಷ್ಟು ಹೊತ್ತಿನಲ್ಲಿ ಪೂಜೆ ಮಾಡ್ತೀರಲ್ಲ,
ಯಾವ ದೇವರು?’