ಪಾಲಿನ ವಹಿ

ಮಾಜಾಳಿ ದಂಡೆಯಲ್ಲಿ ರಂಪಣಿ ಎಳೆದ ದಿನ
ಪಾಲು ಬರೆಯುವವ ನಾನು.
ಬಲೆಗಿಷ್ಟು, ದೋಣಿಗಿಷ್ಟು,
ಹಗ್ಗಕ್ಕೆ ಕೈಹಚ್ಚಿದ ಪ್ರತಿ ಜೀವಕ್ಕೂ ಒಂದು,
ತಡವಾಗಿ ಬಂದು ತುದಿ ಮುಟ್ಟಿದವನಿಗೂ
ಬೈಗುಳದ ಜೊತೆ ಅರ್ಧ.
ಜಗಳ ಇಲ್ಲವೆಂದಲ್ಲ. ಇದೆ.
ವಹಿ ಮುಚ್ಚುವ ಹೊತ್ತಿಗೆ ಮಾತ್ರ
ಎಲ್ಲರ ಬುಟ್ಟಿಯಲ್ಲೂ ಬಂಗಡೆ ಮಿನುಗುತ್ತದೆ.

ಆ ಶನಿವಾರ ಬಲೆ ಭಾರವಿತ್ತು.
ಅರವತ್ತು ಮಂದಿ ಹಿಮ್ಮಡಿಯೂರಿ ಮರಳು ಸೀಳಿ ಎಳೆದೆವು.
ತಾರ್ಲೆ, ತಾರ್ಲೆ ಎಂದು ಕೂಗಿದ ಹುಡುಗ
ಹತ್ತಿರ ಓಡಿ ಹೋಗಿ ಸುಮ್ಮನಾದ.

ಮೀನು ಮೂರು ಬುಟ್ಟಿ.
ಉಳಿದದ್ದು
ಎಡಗಾಲಿನದೇ ಹನ್ನೊಂದು ಚಪ್ಪಲಿ,
ಥರ್ಮಾಕೋಲಿನ ಪುಡಿ, ಎಣ್ಣೆ ಪಾಕೀಟು,
ಬಾಯಿ ಕಟ್ಟಿದ ಚೀಲದಲ್ಲಿ ಯಾರ ಮನೆಯದೋ ಹಬ್ಬ,
ಕೂದಲುದುರಿದ ಬ್ರಷ್ಷಿಗೆ ಹಲ್ಲಿನಂತೆ ಹತ್ತಿದ ಚಿಪ್ಪು.

ಎಲ್ಲರೂ ಎದ್ದು ಹೊರಡುವಾಗ
ಸೆರಗು ಸೊಂಟಕ್ಕೆ ಸಿಕ್ಕಿಸಿ ದ್ರೌಪದಿ ತಾಂಡೇಲ ಕೇಳಿದಳು:
"ಇದರ ಪಾಲು ಯಾವಾಗ ಬರೀತೀಯಾ?"

ನಕ್ಕರು.
ಕಾಳಿ ನದಿ ತಂದದ್ದು, ಘಟ್ಟದ ಮೇಲಿನವರದು, ಅಂದ ಒಬ್ಬ.
ಕಾರವಾರ ಪೇಟೆಯದು. ಗೋವೆಗೆ ಹೋಗಿಬರುವ ಕಾರುಗಳದು.
ಮುನಸಿಪಾಲಿಟಿಯದು. ನಮ್ಮದಲ್ಲ.
"ಎಸೆದುಬಿಡಿ, ಸಮುದ್ರಪಾಲಾಗಲಿ" ಅಂದ ಉಲ್ಲಾಸ.
ದ್ರೌಪದಿ ಅವನನ್ನೇ ನೋಡಿದಳು:
"ಅದರ ಪಾಲು ಅದಕ್ಕೆ ಕೊಟ್ಟಾಗಿತ್ತಲ್ಲ.
ಬೇಡವೆಂದು ವಾಪಸು ಮಾಡಿದೆ."

ನಾನು ಕೋಲಿನಿಂದ ಕೆದಕುತ್ತಿದ್ದೆ.
ಕೆಂಪು ಚೀಲವೊಂದು ಮೇಲೆ ಬಂತು, ಅಕ್ಷರ ಅರ್ಧ ಸವೆದಿತ್ತು.
ನನಗೆ ಅರ್ಧವೇ ಸಾಕಿತ್ತು.
ಮೂರು ವರ್ಷದ ಹಿಂದೆ ಮಗಳ ಮದುವೆಗೆ
ತೆಂಗಿನಕಾಯಿ ಹಾಕಿ ನಾನೇ ಹಂಚಿದ್ದು, ಆರುನೂರು.
'ಶುಭ' ಹೋಗಿತ್ತು, 'ವಿವಾಹ' ಉಳಿದಿತ್ತು.
ಐನೂರ ತೊಂಬತ್ತೊಂಬತ್ತು ಎಲ್ಲಿವೆಯೋ.

ಮಡಚಿ ಜೇಬಿಗೆ ಹಾಕಬಹುದಿತ್ತು.
ಯಾರೂ ನೋಡಿರಲಿಲ್ಲ.
ವಹಿ ಬಿಚ್ಚಿದೆ. ಮೊದಲ ಸಾಲಿಗೆ ನನ್ನ ಹೆಸರು.

ಅರವತ್ತರಲ್ಲಿ ಮೂವತ್ತೇಳು ಮಂದಿ ಬುಟ್ಟಿ ಹೊತ್ತರು.
ಉಳಿದವರಿಗೆ ಬಸ್ಸು ತಪ್ಪುತ್ತಿತ್ತು.

ಸದಾಶಿವಗಡದ ಗುಜರಿಯಲ್ಲಿ ಇಬ್ರಾಹಿಂ
ಬಾಟಲಿ ತೂಗಿದ, ಹರಿದ ಬಲೆ ತೂಗಿದ,
ಪಾಕೀಟನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ:
"ಇದರಿಂದ ಇನ್ನೇನೂ ಆಗೂದಿಲ್ಲ. ಮಾಡಿದವರಿಗೂ ಗೊತ್ತು."

ಅದರ ಮೇಲೆ ಅವರ ಹೆಸರು,
ಅಷ್ಟು ಉಪ್ಪು ಕುಡಿದೂ
ನನ್ನ ಮಗಳ ಹೆಸರಿನಂತೆ ಮಾಸಿರಲಿಲ್ಲ.
ಹಗ್ಗಕ್ಕೆ ಅವರು ಬಂದವರಲ್ಲ.

ಕೈಹಚ್ಚಿದವರಿಗೆ ಪಾಲು, ಅದು ದಂಡೆಯ ನೇಮ.
ಕೈಹಚ್ಚದವರ ಪಾಲು ಹೇಗೆ ಬರೆಯುವುದೆಂದು
ಅಪ್ಪ ಕಲಿಸಿ ಹೋಗಲಿಲ್ಲ.
ಒಂದು ಸಾಲು ಖಾಲಿ ಬಿಟ್ಟಿದ್ದೇನೆ.
ಗುಜರಿಗೂ ಬೇಡವಾದ ಮೂಟೆ
ದೋಣಿಯ ಮರೆಯಲ್ಲಿದೆ, ಬಾಯಿ ಕಟ್ಟಿ.
ನಾಳೆ ಬಲೆ ಬಿಡುವ ಮುಂಚೆ
ದ್ರೌಪದಿ ಮತ್ತೆ ಕೇಳುತ್ತಾಳೆ.