ಬೆರಳು ಉಳಿಸಿಕೊಳ್ಳುವುದು

ಹೋದ ಸಲ ಕೈಗವಸಿಲ್ಲದೆ ಹತ್ತಿದ್ದೆ.
ಉಕ್ಕಿನ ಹಗ್ಗದಲ್ಲಿ ಎಲ್ಲೋ ಒಂದೆಳೆ ಬಿಚ್ಚಿಕೊಂಡಿತ್ತು,
ಮೀನಿನ ಮುಳ್ಳಿನಷ್ಟು.
ಬಲಗೈ ತೋರುಬೆರಳಿನ ತುದಿ ಸೀಳಿತು.
ಒಂಬತ್ತು ದಿನ ನಾನು ಅನಕ್ಷರಸ್ಥೆ.

ಪ್ರೆಸ್ಸಿನಲ್ಲಿ ಏಳನೇ ತರಗತಿಯ ಸಮಾಜ ವಿಜ್ಞಾನ
ಪ್ರೂಫಿಗೆ ಕಾದು ಬಿದ್ದಿತ್ತು.
ಬ್ಯಾಂಡೇಜಿನ ಮೇಲಿಂದಲೇ ಓದಲು ನೋಡಿದೆ:
ಚುಕ್ಕಿಗಳೆಲ್ಲ ಕಂಬಳಿ ಹೊದ್ದು ಮಲಗಿದ್ದವು.
ನಡುಬೆರಳಿಗೆ ಕೆಲಸ ಹೇಳಿದೆ. ತಡವರಿಸಿತು,
ದೊಡ್ಡವಳಾದ ಮೇಲೆ ಶಾಲೆಗೆ ಸೇರಿಸಿದ ಹುಡುಗಿಯ ಹಾಗೆ.

ಈ ಭಾನುವಾರ ವಾಜರಹಳ್ಳಿಯಲ್ಲಿ ಮೆಟ್ರೊ ಇಳಿದಾಗ
ಚೌರಪ್ಪ ಕೈಗೆ ಗವಸು ಕೊಟ್ಟರು.
ತೊಗಲಿನದು, ಹೊಸದು, ಬೆರಳ ತುದಿವರೆಗೂ ಮುಚ್ಚಿದ್ದು.
"ಅರ್ಧ ಬೆರಳಿಂದು ಬೇರೆಯವರಿಗೆ," ಅಂದರು.
"ನಿಮಗೆ ತುದೀನೇ ಆಸ್ತಿ."
ತುದಿ ಮುಚ್ಚಿದರೆ ಆಗ ನಾನು ನಿಜಕ್ಕೂ ಕುರುಡಿ, ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದರು.
ಆಮೇಲೆ, "ಕಾಲಿದೆಯಲ್ಲ."

ತುರಹಳ್ಳಿಯ ಆಚೆ, ಕೆಲಸ ನಿಂತ ಕಲ್ಲುಕ್ವಾರಿ.
ಎಂಬತ್ತಡಿಯಂತೆ. ಬಂಡೆಗೆ ಬಡಿದ ಕಬ್ಬಿಣದ ಮೆಟ್ಟಿಲು,
ಪಕ್ಕದಲ್ಲೇ ಹಗ್ಗ, ಎರಡು ಮಾರಿಗೊಂದು ಗೂಟ.
ನನ್ನ ಸೊಂಟದಿಂದ ಎರಡು ಬಾಲ, ಎರಡಕ್ಕೂ ಕೊಕ್ಕೆ.
ಬುಡದಲ್ಲಿ ಮಡಿಸಿ ಮಡಿಸಿ ಹೊಲಿದ ಪಟ್ಟಿ:
ಬಿದ್ದರೆ ಹೊಲಿಗೆ ಒಂದೊಂದೇ ಬಿಚ್ಚಿ ಏಟು ನುಂಗುತ್ತದೆ.
"ಒಂದೇ ಸಲಕ್ಕೆ ಅದು. ಬಿಚ್ಚಿದರೆ ಬಿಸಾಕಬೇಕು.
ಟೈಲರ್ ಹತ್ರ ತಗೊಂಡು ಹೋಗೋ ಹಾಗಿಲ್ಲ."

ಗೂಟ ಬಂತು. ಟಕ್. ಒಂದು ಕೊಕ್ಕೆ ಆಚೆ.
ಎಳೆದು ನೋಡು.
ಟಕ್. ಇನ್ನೊಂದು.
ಎರಡನ್ನೂ ಒಟ್ಟಿಗೆ ಬಿಚ್ಚಬಾರದು, ಯಾರು ಕರೆದರೂ,
ಫೋನು ಬಂದರೂ, ಜೇನು ಬಂದರೂ.
ಮೂರು ಸಲ ಹೇಳಿದರು ಚೌರಪ್ಪ. ನನಗೆ ನಗು.
ನಾನು ಓದುವುದೇ ಹೀಗೆ:
ಎಡಗೈ ಕೆಳಗಿನ ಸಾಲಿನ ಮೊದಲು ಮುಟ್ಟಿದ ಮೇಲೇ
ಬಲಗೈ ಈ ಸಾಲಿನ ಕೊನೆ ಬಿಡುವುದು.
ಆರನೇ ವಯಸ್ಸಿನಿಂದ ಎರಡೂ ಕೈ ಒಟ್ಟಿಗೆ ಎತ್ತಿಲ್ಲ.
ಎತ್ತಿದರೆ ಪುಟ ಕಳೆದುಹೋಗುತ್ತದೆ.

ಮೊಣಕೈ ಮಡಚಿ ನೇತುಬಿದ್ದರೆ ತೋಳು ಬೇಗ ಸೋಲುತ್ತದೆ.
ತೋಳು ನೀಳವಾಗಿರಲಿ, ಭಾರ ಕಾಲಿಗಿರಲಿ,
ಬನಶಂಕರಿ ಬಸ್ಸಿನ ಕಂಬಿ ಹಿಡಿದಷ್ಟು ಹಿಡಿತ ಸಾಕು.
ಷೂ ತುದಿ ಕಬ್ಬಿಣ ಹುಡುಕಿತು, ತಪ್ಪಿತು, ಹುಡುಕಿತು.
ಕಾಲಿಗೂ ಅಕ್ಷರಾಭ್ಯಾಸ.

ಉಬ್ಬಿದ ಕಡೆ ಬಂಡೆ ನನ್ನ ಎದೆಯನ್ನು ಹಿಂದಕ್ಕೆ ನೂಕಿತು.
ಎಡಗಾಲು ತಾನಾಗಿ ನಡುಗತೊಡಗಿತು.
ಹತ್ತಿರ ಬನ್ನಿ, ಅಂದೆ.
ಒಂದು ತುಂಡು ಹಗ್ಗಕ್ಕೆ ಒಬ್ಬರೇ. ಅವರು ಬರಲಿಲ್ಲ,
ಕೆಳಗಿನ ಗೂಟದಾಚೆಯಿಂದ ಮಾತು ಮಾತ್ರ ಕಳಿಸಿದರು:
"ಎರಡನೇ ಕೊಕ್ಕೆ ಸದ್ದು ಕೇಳಲಿಲ್ಲ ನಂಗೆ."

ಹಾಕಿರಲಿಲ್ಲ.
ಹಾಕಿದೆ.

ಮೇಲೆ, ಒಂದು ಮಂಚದಷ್ಟು ಜಾಗ.
ಎರಡೂ ಕೊಕ್ಕೆ ಇರುವಾಗಲೇ ಬಲಗೈ ಗವಸು ಕಳಚಿದೆ.
ಬೆವೆತ ಬೆರಳಿಗೆ ಗಾಳಿ ತಾಗಿತು.
ಕಲ್ಲು, ಒಲೆಯಿಂದ ಇಳಿಸಿ ಮರೆತ ಕಾವಲಿಯಷ್ಟು ಬಿಸಿ.
ಅಂಚಿನಲ್ಲಿ ಸಾಲಾಗಿ ಗುಳಿಗಳು, ಗೇಣಿಗೊಂದು.
"ಉಳಿ ಹೊಡೆದ ಗುರುತು," ಅಂದರು ಚೌರಪ್ಪ,
"ನಮ್ಮಪ್ಪ ಹೊಡೆದದ್ದೂ ಇರಬೇಕು ಅದರಲ್ಲಿ.
ಗವಸಿಲ್ಲ, ಹಗ್ಗ ಇಲ್ಲ. ಕೊನೆಕೊನೆಗೆ ಎಡಗೈಲಿ ಮೂರೇ ಬೆರಳು."

ಓದಿದೆ. ಒಂಟಿ ಚುಕ್ಕಿ, ಜಾಗ, ಮತ್ತೆ ಒಂಟಿ ಚುಕ್ಕಿ.
ನಮ್ಮ ಬ್ರೈಲಿನಲ್ಲಿ ಮೊದಲ ಚುಕ್ಕಿಯೊಂದೇ ಇದ್ದರೆ ಅ.
ಅ ಅ ಅ ಅ, ಹದಿನಾಲ್ಕು ಸಲ,
ತಿದ್ದಿಸಲು ಕೂರಿಸಿ ಮೇಷ್ಟ್ರು ಎದ್ದು ಹೋದ ಹಾಗೆ.

"ಏನು ಬರೆದಿದೆ?"
ಹೇಳಿದೆ.
"ಅಷ್ಟೇನಾ?"
ಎಲ್ಲೋ ನವಿಲು ಕೂಗಿತು.
ಕನಕಪುರ ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿತು.
ಅಷ್ಟೇ, ಅಂದೆ.
ಅವರು ಆ ಸಾಲಿನ ಮೇಲೆ ಕೈಯಾಡಿಸುವ ಸದ್ದು,
ಒರಟು ಅಂಗೈ, ನಿಧಾನಕ್ಕೆ.

ಇಳಿಯುವ ಮೊದಲು ಗವಸು ಹಾಕಿಕೊಂಡೆ.
ನಾಳೆ ಸೋಮವಾರ. ಏಳನೇ ತರಗತಿ
ಇನ್ನೂ ಅರ್ಧ ಉಳಿದಿದೆ.